ಪಾದಚಾರಿ ಸಂಕೇತಗಳೂ ದಾರಿಯ ಹಕ್ಕೂ

ನಡೆದುಹೋಗುವವನೂ ವಾಹನ ನಡೆಸುವವನೂ ರಸ್ತೆಯ ಒಂದೇ ತಾಣವನ್ನು ಒಂದೇ ಗಳಿಗೆಯಲ್ಲಿ ಬಯಸಿದಾಗ ಅವರಲ್ಲಿ ಯಾರು ಮುಂದುವರಿಯಬೇಕು, ಯಾರು ನಿಂತು ಕಾಯಬೇಕು ಎಂಬುದನ್ನು ನಿರ್ಣಯಿಸುವ ಕಟ್ಟಳೆಗೆ ದಾರಿಯ ಹಕ್ಕೆಂದು ಹೆಸರು. ಆ ನಿರ್ಣಯವನ್ನು ಬಣ್ಣದಿಂದಲೋ ಆಕೃತಿಯಿಂದಲೋ ಧ್ವನಿಯಿಂದಲೋ ನೆಲಕ್ಕೆ ಬಳಿದ ಪಟ್ಟಿಗಳಿಂದಲೋ ಇಬ್ಬರಿಗೂ ತಿಳಿಯಪಡಿಸುವ ಸಾಧನಗಳು ಪಾದಚಾರಿ ಸಂಕೇತಗಳು. ಇವೆರಡರಲ್ಲಿ ಹಕ್ಕು ಮೊದಲಿನದು, ಸಂಕೇತ ಅದರ ತರುವಾಯದ್ದು. ದೀಪವಿದ್ದಲ್ಲಿ ಮಾತ್ರ ನಡೆಯುವವನಿಗೆ ಹಕ್ಕು, ಉಳಿದೆಡೆಯಲ್ಲೆಲ್ಲ ಬಲವಿದ್ದವನದೇ ದಾರಿ ಎಂಬ ಭಾವನೆ ನಮ್ಮ ರಸ್ತೆಗಳಲ್ಲಿ ಬೇರೂರಿದೆಯಾದರೂ ಶಾಸನ ಅದನ್ನು ಒಪ್ಪುವುದಿಲ್ಲ. ಕಂಬದ ಮೇಲಣ ದೀಪವು ಹಕ್ಕಿಗೆ ವೇಳೆಯನ್ನು ಗೊತ್ತುಮಾಡುತ್ತದೆಯೇ ಹೊರತು ಹಕ್ಕನ್ನು ದಯಪಾಲಿಸುವುದಿಲ್ಲ.

ಈ ವಿಷಯವನ್ನು ಮಹಾನಗರಗಳ ವೃತ್ತಗಳಿಂದ ಆರಂಭಿಸುವುದು ವಾಡಿಕೆ. ಆದರೆ ದೀಪಗಳ ಆಳ್ವಿಕೆಗೆ ಇನ್ನೂ ಒಳಪಡದ ಊರಿನಲ್ಲಿ ನಿಂತು ನೋಡಿದರೆ ಅದರ ಮೂಲಸ್ವರೂಪ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿಗೆ ಸೇರಿದ ಕದರಮಂಡಲಗಿ ಅಂಥ ಒಂದು ಗ್ರಾಮ. ಇಲ್ಲಿಯ ಆಂಜನೇಯನು ಕಾಂತೇಶನೆಂದು ಪ್ರಸಿದ್ಧನು. ಹಿರೇಕೆರೂರು ಸೀಮೆಯ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಇವರೊಡನೆ ಈತನನ್ನು ಒಂದೇ ದಿನದಲ್ಲಿ ದರ್ಶನ ಮಾಡಿದವರಿಗೆ ವಿಶೇಷ ಪುಣ್ಯವುಂಟೆಂಬುದು ಜನರ ನಂಬಿಕೆ. ಕನಕದಾಸರು 'ಮೋಹನತರಂಗಿಣಿ'ಯನ್ನು ಇಲ್ಲಿಯೇ ರಚಿಸಿದರೆಂಬ ಪ್ರತೀತಿಯೂ ಇದೆ. ಸೂರ್ಯಾಸ್ತಕ್ಕೆ ಮುನ್ನ ಮೂರು ಊರುಗಳನ್ನು ಮುಟ್ಟಬೇಕೆಂಬ ಆತುರದಲ್ಲಿ ಕಾರಿನಲ್ಲಿಯೋ ಟೆಂಪೋದಲ್ಲಿಯೋ ಧಾವಿಸಿ ಬಂದ ಭಕ್ತನು ಗುಡಿಯ ಬಳಿ ಇಳಿದ ಮರುಗಳಿಗೆಯೇ ಪಾದಚಾರಿಯಾಗುತ್ತಾನೆ. ಕಾಯಿ ಕರ್ಪೂರ ಹಿಡಿದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ತನ್ನಂತೆಯೇ ಆತುರದಿಂದ ಬರುತ್ತಿರುವ ಇನ್ನೊಬ್ಬನ ವಾಹನದೆದುರಿಗೆ ಅಡ್ಡಹಾಯುತ್ತಾನೆ. ಚಾಲಕ ಮತ್ತು ಪಾದಚಾರಿ ಎಂಬ ಎರಡು ಜಾತಿಗಳು ಲೋಕದಲ್ಲಿ ಬೇರೆಬೇರೆಯಾಗಿ ಇಲ್ಲ, ಒಬ್ಬನೇ ಮನುಷ್ಯನ ಎರಡು ಅವಸ್ಥೆಗಳವು ಎಂಬುದು ಶ್ರಾವಣದ ಶನಿವಾರಗಳಂದು ಇಂಥ ಕ್ಷೇತ್ರಗಳಲ್ಲಿ ಕಣ್ಣಿಗೆ ಕಟ್ಟಿದಂತೆ ತೋರುತ್ತದೆ.

ಹಳ್ಳಿಯ ಹಾದಿಗೂ ಸಂಕೇತಗಳುಂಟು. ಚಕ್ಕಡಿ ಹೊಡೆಯುವವನು 'ಹಾದಿ ಬಿಡ್ರೀ' ಎಂದು ಕೂಗುವುದು ಒಂದು. ಎತ್ತುಗಳ ಕೊರಳ ಗಂಟೆ ಮತ್ತೊಂದು. ನಡೆಯುವವನ ಕಡೆಯಿಂದ ಸಲ್ಲುವ ಸಂಕೇತವಾದರೋ ಕೈ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬಳು ರಸ್ತೆಯ ಅಂಚಿಗೆ ಬಂದು, ಒಂದು ಕೈಯಿಂದ ಹೊರೆಯನ್ನು ಹಿಡಿದು, ಇನ್ನೊಂದರ ಅಂಗೈಯನ್ನು ಬರುವ ಬಸ್ಸಿನ ಕಡೆಗೆ ಚಾಚಿ, 'ಯಪ್ಪಾ, ಒಂಚೂರು ತಡಿಯಪ್ಪಾ' ಎನ್ನುತ್ತ ದಾಟುವ ಕ್ರಮವನ್ನು ಈ ಭಾಗದಲ್ಲಿ ಕಾಣದವರಿಲ್ಲ. ವಿದ್ಯುತ್ತಿನ ಅಪೇಕ್ಷೆಯಿಲ್ಲದ ಪಾದಚಾರಿ ಸಂಕೇತವದು. ಆದರೆ ಅದು ಆಜ್ಞೆಯಲ್ಲ, ಪ್ರಾರ್ಥನೆ. ಚಾಲಕನ ಕಣ್ಣೂ ಬ್ರೇಕೂ ಕರುಣೆಯೂ ಒಟ್ಟಿಗೆ ಕೆಲಸ ಮಾಡಿದರೆ ಮಾತ್ರ ಅದು ಫಲಿಸುತ್ತದೆ. ಈ ಪ್ರಾರ್ಥನೆಯನ್ನು ಅಧಿಕಾರವನ್ನಾಗಿ ಮಾರ್ಪಡಿಸುವ ಪ್ರಯತ್ನವೇ ಮುಂದೆ ಹೇಳಲಿರುವ ದೀರ್ಘ ಇತಿಹಾಸ.

ಪ್ರಾಚೀನ ಭಾರತದ ಧರ್ಮಶಾಸ್ತ್ರಗಳು ಈ ಪ್ರಶ್ನೆಯನ್ನು ಅಲಕ್ಷಿಸಿರಲಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಯಾರಿಗೆ ದಾರಿ ಬಿಟ್ಟುಕೊಡಬೇಕೆಂದು ಪಟ್ಟಿ ಮಾಡುತ್ತದೆ: ಗಾಡಿಯಲ್ಲಿ ಹೋಗುವವನು, ತೊಂಬತ್ತು ದಾಟಿದ ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ರಾಜ, ಮದುವಣಿಗ. ಮೊದಲನೆಯ ಸ್ಥಾನ ಚಕ್ರಕ್ಕೆ ದೊರೆತಿರುವುದನ್ನು ಗಮನಿಸಬೇಕು. ಎತ್ತುಗಳನ್ನು ಹಠಾತ್ತಾಗಿ ನಿಲ್ಲಿಸುವುದಾಗಲಿ ಹೊರಳಿಸುವುದಾಗಲಿ ಕಷ್ಟವಾದ್ದರಿಂದ, ಸುಲಭವಾಗಿ ಸರಿಯಬಲ್ಲವನು ಸರಿಯಲಿ ಎಂಬ ವಿವೇಕ ಅದರ ಹಿಂದೆ ಇದ್ದಿರಬಹುದು. ಆದರೆ ಅದರ ಬೆನ್ನಿಗೇ ಬರುವ ವೃದ್ಧ, ರೋಗಿ, ಭಾರವಾಹಿ, ಸ್ತ್ರೀ ಈ ನಾಲ್ವರ ಹೆಸರುಗಳು ಇಂದಿನ ರಸ್ತೆಶಾಸ್ತ್ರವು ದುರ್ಬಲ ಬಳಕೆದಾರರೆಂದು ಕರೆಯುವ ವರ್ಗವನ್ನೇ ನೆನಪಿಗೆ ತರುತ್ತವೆ. ಅದೇ ಗ್ರಂಥದ ಎಂಟನೆಯ ಅಧ್ಯಾಯವು ಗಾಡಿಯಿಂದ ಅಪಘಾತವಾದಾಗ ಸಾರಥಿಗೆ ದಂಡವಿಲ್ಲದ ಸಂದರ್ಭಗಳನ್ನು ಎಣಿಸುತ್ತದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚೋ ಚಕ್ರವೋ ಮುರಿದರೆ, ಸಾರಥಿಯು 'ಸರಿ, ಸರಿ' ಎಂದು ಗಟ್ಟಿಯಾಗಿ ಕೂಗಿದ್ದರೆ, ಅವನು ನಿರ್ದೋಷಿ. ಸಾರಥಿಯ ಅಕೌಶಲದಿಂದ ಗಾಡಿ ದಾರಿ ತಪ್ಪಿ ಹಿಂಸೆಯಾದರೆ ಒಡೆಯನಿಗೆ ಇನ್ನೂರು ಪಣ ದಂಡ; ಸಾರಥಿ ಕುಶಲನಾಗಿದ್ದರೆ ದಂಡ ಸಾರಥಿಯದೇ. ಒಡೆಯನ ಹೊಣೆಯನ್ನು ಇಷ್ಟು ನಿಖರವಾಗಿ ವಿಂಗಡಿಸಿದ ವಿಚಾರಶಕ್ತಿ ಮೆಚ್ಚತಕ್ಕುದೇ. ಆದರೆ ಕೂಗಿದೊಡನೆ ಹೊಣೆ ತೀರಿತೆಂಬ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 'ಹಾರ್ನ್ ಹೊಡೆದೆನಲ್ಲ' ಎಂದು ಅಪಘಾತದ ತರುವಾಯ ಚಾಲಕನು ಹೇಳುವ ಸಮಾಧಾನದಲ್ಲಿ ಆ ಹಳೆಯ ವಿನಾಯಿತಿಯೇ ಪ್ರತಿಧ್ವನಿಸುತ್ತದೆ. ಇಂದಿನ ನ್ಯಾಯವು ಅದನ್ನು ಅಂಗೀಕರಿಸುವುದಿಲ್ಲ: ಹಾರ್ನ್ ಎಚ್ಚರಿಕೆಯೇ ಹೊರತು ಅಪ್ಪಣೆಯಲ್ಲ, ಕಿವುಡನೂ ಕೂಸೂ ರಸ್ತೆಯ ಮೇಲೆ ಇರುತ್ತಾರೆ.

ಕೌಟಿಲ್ಯನ ಅರ್ಥಶಾಸ್ತ್ರ ಇನ್ನೊಂದು ದಿಕ್ಕಿನಿಂದ ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಅಲ್ಲಿ ದಾರಿಗಳನ್ನು ಬಳಸುವವರಿಗೆ ತಕ್ಕಂತೆ ವಿಂಗಡಿಸಿ ಅಗಲವನ್ನು ಗೊತ್ತುಮಾಡಿದೆ: ರಥಕ್ಕೆ ಐದು ಮೊಳ, ದನಗಳಿಗೆ ನಾಲ್ಕು, ಕುರಿಮೇಕೆಗಳಿಗೂ ಮನುಷ್ಯರಿಗೂ ಎರಡು. ಮನುಷ್ಯರ ದಾರಿಗೆ ಅಡ್ಡಿ ಮಾಡಿದವನಿಗೆ ಹನ್ನೆರಡು ಪಣ ದಂಡವನ್ನೂ ವಿಧಿಸಿದೆ. ಎರಡು ಮೊಳವೆಂದರೆ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ. ಇಂದು ರಸ್ತೆಗಳ ಮಾನಕಗಳನ್ನು ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸು ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರು ತೆರವಾದ ಅಗಲವಿರಬೇಕೆನ್ನುತ್ತದೆ. ಆದರೆ ಕಾಗದದ 1.8 ಮೀಟರು ಅಂಗಡಿಯ ಹಲಗೆ, ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಬೈಕುಗಳ ನಡುವೆ ಕರಗಿ ಕೌಟಿಲ್ಯನ ಎರಡು ಮೊಳಕ್ಕೂ ಕಡಿಮೆಯಾಗುವುದನ್ನು ರಾಣೇಬೆನ್ನೂರಿನಂಥ ಬೆಳೆಯುತ್ತಿರುವ ಯಾವ ಪೇಟೆಯಲ್ಲಿಯೂ ನೋಡಬಹುದು.

ಆಧುನಿಕ ಸಂಕೇತದ ಕಥೆ ಲಂಡನ್ನಿನಲ್ಲಿ ಆರಂಭವಾಗುತ್ತದೆ. ಮೋಟಾರು ವಾಹನ ಕಾಣಿಸಿಕೊಳ್ಳುವುದಕ್ಕೆ ಬಹಳ ಮುಂಚೆಯೇ, 1868ರ ಡಿಸೆಂಬರ್ 10ರಂದು, ರೈಲ್ವೆ ಎಂಜಿನಿಯರಾದ ಜಾನ್ ಪೀಕ್ ನೈಟ್ ಎಂಬಾತನ ಸಲಹೆಯಂತೆ ಪಾರ್ಲಿಮೆಂಟ್ ಭವನದ ಬಳಿ ಒಂದು ಕಂಬವನ್ನು ನೆಟ್ಟರು. ಹಗಲಿನಲ್ಲಿ ರೈಲು ಕೈಮರದಂಥ ತೋಳುಗಳೂ ಇರುಳಿನಲ್ಲಿ ಕೆಂಪು ಹಸುರು ಗ್ಯಾಸ್ ದೀಪಗಳೂ ಅದರ ಭಾಷೆ. ಕುದುರೆಗಾಡಿಗಳ ದಟ್ಟಣೆಯಲ್ಲಿ ಕಾಲ್ನಡಿಗೆಯವರು ದಾಟಲಾರದೆ ಪಡುತ್ತಿದ್ದ ಪಾಡೇ ಅದರ ಪ್ರೇರಣೆಯಾಗಿತ್ತು. ಮುಂದಿನ ಜನವರಿಯಲ್ಲಿ ಗ್ಯಾಸ್ ಸೋರಿ ದೀಪ ಸಿಡಿದು, ಅದನ್ನು ನಡೆಸುತ್ತಿದ್ದ ಪೊಲೀಸಿನವನಿಗೆ ಗಾಯವಾಗಿ, ಆ ಪ್ರಯೋಗ ನಿಂತುಹೋಯಿತು. ಸಂಚಾರದೀಪವೆಂಬುದು ಮೊದಲು ಹುಟ್ಟಿದ್ದು ನಡೆಯುವವನಿಗಾಗಿ ಎಂಬ ಸಂಗತಿಯನ್ನು ತರುವಾಯದ ಕಾಲ ಮರೆತುಬಿಟ್ಟಿತು. 1914ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ವಿದ್ಯುತ್ ದೀಪಗಳು ಬಂದಾಗ ಅವು ಮುಖ್ಯವಾಗಿ ಮೋಟಾರುಗಳ ಸುಗಮ ಪ್ರವಾಹಕ್ಕೆಂದೇ ಬಂದುವು.

ಇವೆರಡರ ನಡುವೆ, 1896ರ ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಮೋಟಾರು ಬಡಿದು ಮೃತಳಾದಳು. ಬ್ರಿಟನ್ನಿನಲ್ಲಿ ಮೋಟಾರಿಗೆ ಬಲಿಯಾದ ಮೊದಲ ಪಾದಚಾರಿಯೆಂದು ಅವಳನ್ನು ಗುರುತಿಸುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಂಥ ಸಾವುಗಳು ಸಾವಿರಗಟ್ಟಲೆಯಾದಾಗ ಎರಡು ಬಗೆಯ ಉತ್ತರಗಳು ಹೊರಟವು. ಅಮೆರಿಕದಲ್ಲಿ, ಮೋಟಾರು ಉದ್ಯಮದವರ ಪ್ರಚಾರದ ಬೆಂಬಲದಿಂದ, ಗೊತ್ತಾದ ತಾಣದ ಹೊರಗೆ ರಸ್ತೆ ದಾಟುವವನನ್ನು 'ಜೇವಾಕರ್' ಎಂಬ ಹಳ್ಳಿಗಮಾರನ ಅರ್ಥದ ಬೈಗುಳದಿಂದ ಹಳಿದು, ದಾಟುವುದನ್ನೇ ಅಪರಾಧವನ್ನಾಗಿಸಿದರು. ಶತಮಾನದ ಬಳಿಕ, 2023ರಿಂದ, ಕ್ಯಾಲಿಫೋರ್ನಿಯಾ ರಾಜ್ಯವು ಅಪಾಯವಿಲ್ಲದಾಗ ಹಾಗೆ ದಾಟಿದವರಿಗೆ ದಂಡ ಹಾಕುವುದನ್ನು ಕೈಬಿಟ್ಟಿದೆ. ರಸ್ತೆಯಲ್ಲಿ ಅನಾದಿಕಾಲದಿಂದ ನಡೆಯುತ್ತಿದ್ದವನನ್ನು ನಿನ್ನೆ ಬಂದ ಯಂತ್ರಕ್ಕಾಗಿ ಅತಿಕ್ರಮಣಕಾರನನ್ನಾಗಿ ಮಾಡಿದ ಈ ಪಲ್ಲಟ, ಅದೂ ಹಳ್ಳಿಯವನೆಂಬುದನ್ನೇ ನಿಂದೆಯನ್ನಾಗಿಸಿಕೊಂಡು ನಡೆದ ಪಲ್ಲಟ, ಈ ಇತಿಹಾಸದ ಅತ್ಯಂತ ದುಃಖಕರವಾದ ಅಧ್ಯಾಯ. ಬ್ರಿಟನ್ನಿನಲ್ಲಿ ಉತ್ತರ ಬೇರೆಯಾಯಿತು. 1934ರಲ್ಲಿ ಸಾರಿಗೆ ಮಂತ್ರಿಯಾಗಿದ್ದ ಲೆಸ್ಲಿ ಹೋರ್‌ಬೆಲಿಷಾ ದಾಟುತಾಣಗಳಲ್ಲಿ ಕಪ್ಪುಬಿಳುಪು ಕಂಬದ ತುದಿಗೆ ಕಿತ್ತಳೆ ಬಣ್ಣದ ಗೋಳವಿಡುವ ಏರ್ಪಾಡನ್ನು ತಂದನು. ಗೋಳ ಕಂಡರೂ ಚಾಲಕನಿಗೆ ನೆಲದ ಗುರುತು ಕಾಣುತ್ತಿಲ್ಲವೆಂದು ತಿಳಿದ ಮೇಲೆ 1951ರಲ್ಲಿ ಬಿಳಿಯ ದಪ್ಪ ಪಟ್ಟಿಗಳು ಬಂದು, ಕಾಡುಪ್ರಾಣಿಯೊಂದರ ಹೆಸರನ್ನು ಜಗತ್ತಿನ ಹಲವು ಭಾಷೆಗಳಿಗೆ ಹಂಚಿದುವು. ನಮ್ಮ ಜೀಬ್ರಾ ಪಟ್ಟಿಯ ಮೂಲ ಇದು. 1969ರಲ್ಲಿ ಗುಂಡಿ ಒತ್ತಿ ದೀಪವನ್ನು ಕರೆಯುವ ಪೆಲಿಕನ್ ದಾಟುತಾಣವೂ ಬಂತು. ಪೂರ್ವ ಬರ್ಲಿನ್ನಿನಲ್ಲಿ ಕಾರ್ಲ್ ಪೆಗ್ಲಾವ್ ಎಂಬ ಮನಶ್ಶಾಸ್ತ್ರಜ್ಞನು 1961ರಲ್ಲಿ, ಮಕ್ಕಳಿಗೂ ಮುದುಕರಿಗೂ ಬರಿಯ ಬಣ್ಣಕ್ಕಿಂತ ಆಕೃತಿ ಬೇಗ ತಿಳಿಯುತ್ತದೆಂದು ಟೋಪಿ ಹಾಕಿದ ಪುಟ್ಟ ಮನುಷ್ಯನನ್ನು ದೀಪದೊಳಗೆ ನಿಲ್ಲಿಸುವ ಸಲಹೆಯನ್ನು ಮುಂದಿಟ್ಟನು. ಜಪಾನಿನ ಒಕಾಯಾಮಾದಲ್ಲಿ 1967ರಲ್ಲಿ, ಸೆಯಿಚಿ ಮಿಯಾಕೆಯ ಪ್ರಯತ್ನದಿಂದ, ಅಂಧರು ಪಾದದಿಂದ ಓದಬಹುದಾದ ಉಬ್ಬುಹಾಸು ಮೊದಲ ಸಲ ರಸ್ತೆಯನ್ನು ಸೇರಿತು.

ದೀಪದ ಕಾರ್ಯವಿಧಾನ ನೋಡುವುದಕ್ಕೆ ಸರಳ. ಹಸುರು ಆಕೃತಿ ಬೆಳಗಿದಾಗ ದಾಟಲು ತೊಡಗಬಹುದು. ಅದು ಮಿನುಗತೊಡಗಿದಾಗ ಹೊಸದಾಗಿ ಇಳಿಯಕೂಡದು, ಇಳಿದವರು ಮುಗಿಸಬೇಕು. ಕೆಂಪು ಆಕೃತಿ ನಿಂತಾಗ ನಿಲ್ಲಬೇಕು. ಕಷ್ಟವಿರುವುದು ಈ ಮೂರಕ್ಕೂ ಕಾಲವನ್ನು ಹಂಚುವುದರಲ್ಲಿ. ಎಂಜಿನಿಯರುಗಳು ಸಾಮಾನ್ಯವಾಗಿ ಮನುಷ್ಯನ ನಡಿಗೆಯನ್ನು ಸೆಕೆಂಡಿಗೆ 1.2 ಮೀಟರು ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 14 ಮೀಟರು ಅಗಲದ ರಸ್ತೆಯನ್ನು ದಾಟುವುದಕ್ಕೆ ಸುಮಾರು 12 ಸೆಕೆಂಡು ಸಾಕು. ಮೊಣಕಾಲು ನೋವಿನ ಅಜ್ಜನು ಸೆಕೆಂಡಿಗೆ 0.8 ಮೀಟರಿನಂತೆ ನಡೆದರೆ ಅವನಿಗೆ 17ಕ್ಕೂ ಹೆಚ್ಚು ಸೆಕೆಂಡು ಬೇಕು. ಉಳಿದ ಐದು ಸೆಕೆಂಡುಗಳನ್ನು ಅವನು ಹೊರಡಲು ಸಿದ್ಧವಾಗಿ ಗುಡುಗುಡಿಸುತ್ತಿರುವ ವಾಹನಗಳ ಎದುರಿಗೆ ಕಳೆಯಬೇಕಾಗುತ್ತದೆ. ಸರಾಸರಿಯ ಮನುಷ್ಯನಿಗಾಗಿ ಮಾಡಿದ ದೀಪವು ದೀಪದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವವನನ್ನೇ ನಡುರಸ್ತೆಯಲ್ಲಿ ಕೈಬಿಡುತ್ತದೆ. ಇನ್ನೊಂದು ದೋಷ ಕಾಯುವಿಕೆಯದು: ಕೆಂಪು ಬಹಳ ಹೊತ್ತು ನಿಂತರೆ ಜನ ಅದನ್ನು ನಂಬುವುದನ್ನೇ ಬಿಡುತ್ತಾರೆ, ಗುಂಡಿ ಒತ್ತಿಯೂ ಫಲ ಕಾಣದಿದ್ದರೆ ಮರುದಿನ ಒತ್ತುವುದಿಲ್ಲ. ಮೂರನೆಯದು ನಮ್ಮ ದೇಶದ ವಿಶೇಷ. ವೃತ್ತಗಳಲ್ಲಿ ಎಡಕ್ಕೆ ಹೊರಳುವ ವಾಹನಗಳು ಯಾವಾಗಲೂ ಹೋಗಬಹುದೆಂಬ ರೂಢಿ ಬೆಳೆದಿರುವುದರಿಂದ, ನಾಲ್ಕು ದಿಕ್ಕಿಗೂ ಕೆಂಪು ಬಿದ್ದಾಗಲೂ ಒಂದು ಸಾಲು ವಾಹನ ಹರಿಯುತ್ತಲೇ ಇದ್ದು, ಪಾದಚಾರಿಗೆ ನಿಷ್ಕಂಟಕವಾದ ಗಳಿಗೆಯೊಂದೂ ದೊರೆಯುವುದಿಲ್ಲ.

ಎಲ್ಲಿ ದೀಪವಿಡಬೇಕೆಂಬ ನಿರ್ಣಯಕ್ಕೂ ಒಂದು ಗಣಿತವಿದೆ. ಅದನ್ನು ಇಲ್ಲಿ ತುಸು ವಿಸ್ತರಿಸಿ ಹೇಳುವುದು ಉಚಿತ, ಏಕೆಂದರೆ ಗ್ರಾಮಗಳಿಗೆ ಆಗಿರುವ ಅನ್ಯಾಯ ಆ ಗಣಿತದೊಳಗೇ ಅಡಗಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಪ್ರಕಟಿಸಿದ, ಪಾದಚಾರಿ ಸೌಕರ್ಯಗಳಿಗೆ ಸಂಬಂಧಿಸಿದ 103ನೆಯ ಮಾರ್ಗದರ್ಶಿ ಸಂಹಿತೆಯು ಬ್ರಿಟಿಷ್ ಸಂಪ್ರದಾಯವನ್ನು ಅನುಸರಿಸಿ ಒಂದು ಸೂತ್ರವನ್ನು ಕೊಟ್ಟಿತು: ದಟ್ಟಣೆಯ ವೇಳೆಯಲ್ಲಿ ಗಂಟೆಗೆ ದಾಟುವ ಜನರ ಸಂಖ್ಯೆಯನ್ನು ಗಂಟೆಗೆ ಹಾಯುವ ವಾಹನಸಂಖ್ಯೆಯ ವರ್ಗದಿಂದ ಗುಣಿಸಿದಾಗ, ವಿಭಜಕವಿಲ್ಲದ ರಸ್ತೆಯಲ್ಲಿ ಹತ್ತು ಕೋಟಿಯೂ ವಿಭಜಕವಿರುವಲ್ಲಿ ಇಪ್ಪತ್ತು ಕೋಟಿಯೂ ಬಂದರೆ ನಿಯಂತ್ರಿತ ದಾಟುತಾಣಕ್ಕೆ ಅರ್ಹತೆ. ವಾಹನಗಳು ಗಂಟೆಗೆ 1,000 ಇದ್ದಲ್ಲಿ 100 ಜನ ದಾಟಿದರೂ ಸಾಕು. ಆದರೆ ಗಂಟೆಗೆ 150 ವಾಹನಗಳು ಹಾಯುವ ಹಳ್ಳಿಯ ರಸ್ತೆಯಲ್ಲಿ ಅದೇ ಅರ್ಹತೆಗೆ ಸುಮಾರು 4,444 ಜನ ದಾಟಬೇಕು. ವಾಹನ 100 ಆದರೆ ಜನ 10,000 ಆಗಬೇಕು. ಜಾತ್ರೆಯ ದಿನವೋ ಶ್ರಾವಣದ ಶನಿವಾರವೋ ಕ್ಷೇತ್ರವೊಂದು ಆ ಸಂಖ್ಯೆಯ ಸಮೀಪಕ್ಕೆ ಬಂದರೂ ಬರಬಹುದು. ಸಾಮಾನ್ಯ ಮಂಗಳವಾರದಂದು ಶಾಲೆ ಬಿಟ್ಟಾಗ ಹೊರಬೀಳುವ ನೂರು ಮಕ್ಕಳು ಈ ಸೂತ್ರದ ಕಣ್ಣಿಗೆ ಶೂನ್ಯ. ವಾಹನಗಳ ಸಂಖ್ಯೆಯನ್ನು ವರ್ಗಗೊಳಿಸಿ ಮನುಷ್ಯರ ಸಂಖ್ಯೆಯನ್ನು ಇದ್ದಂತೆಯೇ ಬಿಟ್ಟಿರುವುದರ ಪರಿಣಾಮವಿದು. ಇದರ ಜೊತೆಗೆ, ಇಡೀ ವರ್ಷದಲ್ಲಿ ಐದು ಅಥವಾ ಹೆಚ್ಚು ಪಾದಚಾರಿಗಳು ಗಾಯಗೊಂಡ ದಾಖಲೆ ಇದ್ದರೂ ಅರ್ಹತೆಯುಂಟೆಂದು ಹೇಳಿದೆ. ರಕ್ತವನ್ನು ಅರ್ಜಿಯಂತೆ ಸಲ್ಲಿಸಿದ ಮೇಲೆ ಮಂಜೂರಾಗುವ ದಾಟುತಾಣ ಎಂಥದೆಂದು ಓದುಗರು ಆಲೋಚಿಸಬೇಕು. ವಾಹನಗಳ ವೇಗ, ಕಾಯುವ ಅವಧಿ ಇವುಗಳನ್ನೂ ಸಂಹಿತೆ ಆಧಾರವಾಗಿ ಒಪ್ಪಿರುವುದು ನ್ಯಾಯವೇ. 2012ರಲ್ಲಿಯೂ 2022ರಲ್ಲಿಯೂ ಅದು ಪರಿಷ್ಕೃತವಾಯಿತು.

ದೀಪಕ್ಕೆ ಅರ್ಹತೆಯಿಲ್ಲದ ಊರು ಹಕ್ಕಿಗೂ ಅರ್ಹವಲ್ಲವೆಂದು ತಿಳಿಯಬಾರದು. ಭಾರತದಲ್ಲಿ ಮೋಟಾರು ವಾಹನಗಳ ಶಾಸನಗಳು ಕ್ರಮವಾಗಿ 1914, 1939 ಮತ್ತು 1988ರಲ್ಲಿ ಆದುವು. ಕೊನೆಯದರ ಅಡಿಯಲ್ಲಿ 1989ರ ರಸ್ತೆ ನಿಯಮಗಳೂ, ಅವುಗಳ ಸ್ಥಾನದಲ್ಲಿ 2017ರ ಚಾಲನಾ ನಿಯಮಗಳೂ ಬಂದುವು. 2017ರ ನಿಯಮಗಳ ಪ್ರಕಾರ, ದೀಪವಿಲ್ಲದ ದಾಟುತಾಣವನ್ನು ಸಮೀಪಿಸುವ ಚಾಲಕನು ವೇಗವನ್ನು ತಗ್ಗಿಸಿ, ನಿಂತು, ನಡೆಯುವವರಿಗೂ ಗಾಲಿಕುರ್ಚಿಯವರಿಗೂ ದಾರಿ ಬಿಡತಕ್ಕುದು. ಮುಂದೆ ದಟ್ಟಣೆಯಿದ್ದು ತಾನು ಪಟ್ಟಿಗಳ ಮೇಲೆಯೇ ನಿಲ್ಲಬೇಕಾಗುವಂತಿದ್ದರೆ ಪಟ್ಟಿಗಳ ಮೇಲೆ ವಾಹನವನ್ನು ಒಯ್ಯಕೂಡದು. ದೀಪವಿರುವಲ್ಲಿ ನಿಲುಗೆರೆಯ ಹಿಂದೆ ನಿಲ್ಲತಕ್ಕುದು. ಪಾದಚಾರಿ ಮಾರ್ಗದ ಮೇಲೆ ವಾಹನ ಹತ್ತಿಸಕೂಡದು. ಬಿಳಿಯ ಪಟ್ಟಿಯ ಮೇಲೆ ಕಾಲಿಟ್ಟ ಮನುಷ್ಯನನ್ನು ಹಾರ್ನಿನಿಂದ ಓಡಿಸುವ ಚಾಲಕನು ಸೌಜನ್ಯವನ್ನಷ್ಟೇ ಅಲ್ಲ, ಕಾನೂನನ್ನೂ ಮೀರುತ್ತಿದ್ದಾನೆ. ಅಂಗವಿಕಲರ ಹಿತಕ್ಕಾಗಿ 1995ರಲ್ಲಿ ಆದ ಕೇಂದ್ರ ಶಾಸನವು ಕೆಂಪುದೀಪಗಳಲ್ಲಿ ಧ್ವನಿಸಂಕೇತವನ್ನೂ ಜೀಬ್ರಾ ಪಟ್ಟಿಗಳ ಮೇಲ್ಮೈಯಲ್ಲಿ ಅಂಧರಿಗೆ ತಿಳಿಯುವಂಥ ಕೊರೆತವನ್ನೂ ಕಲ್ಪಿಸಿತ್ತು. ಆ ಮಾತು ಬಹುಪಾಲು ಪುಸ್ತಕದಲ್ಲಿಯೇ ಉಳಿಯಿತು. ಮೋಟಾರು ವಾಹನ ಶಾಸನಕ್ಕೆ ಆದ 2019ರ ತಿದ್ದುಪಡಿಯು ಎರಡು ಹೊಸ ಅಂಶಗಳನ್ನು ಸೇರಿಸಿತು: ರಸ್ತೆಯ ವಿನ್ಯಾಸದ ದೋಷದಿಂದ ಸಾವುನೋವಾದರೆ ರಸ್ತೆ ಕಟ್ಟಿದವರೂ ದಂಡಾರ್ಹರು, ಪಾದಚಾರಿಗಳ ಸಂಚಾರದ ಬಗೆಗೆ ರಾಜ್ಯ ಸರಕಾರಗಳು ನಿಯಮಗಳನ್ನು ರಚಿಸಬಹುದು. ಆ ನಿಯಮಗಳ ರಚನೆ ತಡವಾದುದರಿಂದ ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಗಡುವು ವಿಧಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ, ಅಡೆತಡೆಯಿಲ್ಲದ ಕಾಲುಹಾದಿಯ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಅದು ಸಾರಿತ್ತು. ಬ್ರಿಟನ್ನಿನಲ್ಲಿಯೂ 2022ರ ಜನವರಿಯಲ್ಲಿ ಪರಿಷ್ಕೃತವಾದ ಹೆದ್ದಾರಿ ಸಂಹಿತೆಯು ಯಾರಿಂದ ಹೆಚ್ಚಿನ ಹಾನಿ ಸಂಭವಿಸಬಲ್ಲುದೋ ಅವನ ಮೇಲೆಯೇ ಹೆಚ್ಚಿನ ಹೊಣೆಯೆಂಬ ಶ್ರೇಣಿಯನ್ನು ಒಪ್ಪಿಕೊಂಡಿತು.

ಹಾವೇರಿ ಸೀಮೆಗೆ ಅತ್ಯಂತ ಸಮೀಪದಲ್ಲಿ ಪಾದಚಾರಿ ದೀಪಗಳ ದೊಡ್ಡ ಪ್ರಯೋಗ ನಡೆದದ್ದು ಹುಬ್ಬಳ್ಳಿ ಧಾರವಾಡಗಳ ನಡುವಣ ತ್ವರಿತ ಬಸ್ ಮಾರ್ಗದಲ್ಲಿ. ಸುಮಾರು 22 ಕಿಲೋಮೀಟರು ಉದ್ದದ ಈ ಮಾರ್ಗದಲ್ಲಿ 2018ರ ಅಕ್ಟೋಬರಿನಲ್ಲಿ ಬಸ್ಸುಗಳು ಪ್ರಾಯೋಗಿಕವಾಗಿ ಓಡತೊಡಗಿದುವು. ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರವರಿ 2ರಂದು ನಡೆಯಿತು. ಬಸ್ಸುಗಳಿಗೆ ಚಿಗರಿ ಎಂದು ಹೆಸರಿಟ್ಟರು. ರಾಣೇಬೆನ್ನೂರಿನ ಅಭಯಾರಣ್ಯಕ್ಕೆ ಕೀರ್ತಿ ತಂದ ಕೃಷ್ಣಮೃಗವೇ ಚಿಗರಿ, ಅದರ ವೇಗವನ್ನು ನೆನೆದು ಇಟ್ಟ ಹೆಸರದು. ಈ ಮಾರ್ಗದ ನಿಲ್ದಾಣಗಳು ರಸ್ತೆಯ ಅಂಚಿನಲ್ಲಿಲ್ಲ, ನಡುವೆ ಇವೆ. ಆದಕಾರಣ ಬಸ್ಸನ್ನು ಹಿಡಿಯಬೇಕೆಂಬ ಪ್ರತಿಯೊಬ್ಬನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅರ್ಧ ರಸ್ತೆಯನ್ನು ದಾಟಲೇಬೇಕು. ಬಸ್ ಪ್ರಯಾಣವೆಂದರೆ ಪಾದಚಾರದ ಮುಂದುವರಿಕೆ ಎಂಬ ಸತ್ಯವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ರಸ್ತೆ ಈ ಭಾಗದಲ್ಲಿ ಇನ್ನೊಂದಿಲ್ಲ. ದಾಟುತಾಣದಲ್ಲಿ ದೀಪ ಕೆಟ್ಟ ದಿನ, ಅಥವಾ ದೀಪವಿದ್ದೂ ಪಕ್ಕದ ಪಥದ ವಾಹನಗಳು ಅದನ್ನು ಲೆಕ್ಕಿಸದ ದಿನ, ಎಷ್ಟು ವೇಗದ ಬಸ್ಸಿದ್ದರೂ ಅದು ಮುದುಕರಿಗೆ ದೂರವೇ.

ಹೆದ್ದಾರಿಯ ಸಮಸ್ಯೆ ಮತ್ತೊಂದು ಬಗೆಯದು. ಪುಣೆ ಬೆಂಗಳೂರು ಹೆದ್ದಾರಿ ಮೊದಲು 4ನೆಯ ಸಂಖ್ಯೆಯದಾಗಿದ್ದು ಈಗ 48 ಎನಿಸಿಕೊಂಡು, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು, ಹಾವೇರಿ, ಶಿಗ್ಗಾವಿಗಳನ್ನು ಹಾದು ಹೋಗುತ್ತದೆ. ಅಗಲವಾಗುತ್ತ ಹೋದಂತೆ ಅದು ಹೊಲದ ಒಂದು ಬದಿಯನ್ನು ಇನ್ನೊಂದು ಬದಿಯಿಂದ, ಊರನ್ನು ಊರಿನ ಸ್ಮಶಾನದಿಂದ, ಶಾಲೆಯನ್ನು ಮಕ್ಕಳ ಮನೆಯಿಂದ ಬೇರ್ಪಡಿಸಿತು. ಇಂಥ ರಸ್ತೆಯಲ್ಲಿ ದೀಪ ಸಲ್ಲದೆಂದು ಎಂಜಿನಿಯರುಗಳು ಮೇಲ್ಸೇತುವೆ, ಕೆಳದಾರಿಗಳನ್ನು ಸೂಚಿಸುತ್ತಾರೆ. ಆದರೆ ಮೆಣಸಿನಕಾಯಿ ಚೀಲವನ್ನು ಹೆಗಲಿಗೇರಿಸಿಕೊಂಡವನು ಮೆಟ್ಟಿಲು ಹತ್ತಿ ಇಳಿಯುವುದಕ್ಕಿಂತ ವಿಭಜಕದ ಸಂದಿಯಲ್ಲಿ ನುಸುಳುವುದನ್ನೇ ಆರಿಸಿಕೊಳ್ಳುತ್ತಾನೆ. ಮಳೆಗಾಲದಲ್ಲಿ ನೀರು ನಿಂತ ಕೆಳದಾರಿ ಯಾರಿಗೂ ಬೇಡವಾಗುತ್ತದೆ. ಬೆಂಗಳೂರಿನ ಮೆಟ್ಟಿಲುಸೇತುವೆಗಳ ಕಥೆಯೂ ಇದೇ. ಯಂತ್ರದ ವೇಗಕ್ಕೆ ಭಂಗ ಬಾರದಿರಲೆಂದು ಮನುಷ್ಯನನ್ನು ಇಪ್ಪತ್ತು ಅಡಿ ಮೇಲಕ್ಕೋ ಹತ್ತು ಅಡಿ ಕೆಳಕ್ಕೋ ಕಳಿಸುವ ವ್ಯವಸ್ಥೆಯಲ್ಲಿ, ಹತ್ತುವ ಶ್ರಮವೆಲ್ಲ ಎಂಜಿನ್ ಇಲ್ಲದವನ ಪಾಲಿಗೆ ಬಂದಿದೆ. ಹೆದ್ದಾರಿಯ ಬಳಿ ಇದು ಅನಿವಾರ್ಯವೆಂದು ಒಪ್ಪಬಹುದು. ಆಗ ಮೆಟ್ಟಿಲಿನ ಬದಲು ಇಳಿಜಾರು ದಾರಿಯನ್ನೂ ನೀರು ಹರಿದುಹೋಗುವ ಚರಂಡಿಯನ್ನೂ ಕೊಡುವುದು ಕನಿಷ್ಠ ಕರ್ತವ್ಯ. ಪೇಟೆಯ ನಡುವೆ ಅದೇ ಉಪಾಯವನ್ನು ಅನುಸರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸೋಮವಾರ ಗುರುವಾರಗಳ ಮೆಣಸಿನಕಾಯಿ ಪೇಟೆಯ ದಿನ ಬ್ಯಾಡಗಿಯಲ್ಲಿ ಲಾರಿ, ಟ್ರಾಕ್ಟರು, ಹಮಾಲರು, ರೈತರು ಒಂದೇ ಬೀದಿಯನ್ನು ಹಂಚಿಕೊಳ್ಳುವಾಗ ಬೇಕಾದದ್ದು ಎತ್ತರದ ಸೇತುವೆಯಲ್ಲ, ತಗ್ಗಿದ ವೇಗ.

ವೇಗದ ವಿಷಯದಲ್ಲಿ ಭೌತಶಾಸ್ತ್ರ ನಿಷ್ಠುರವಾಗಿದೆ. ಗಂಟೆಗೆ 36 ಕಿಲೋಮೀಟರು ಹೋಗುವ ವಾಹನ ಸೆಕೆಂಡಿಗೆ 10 ಮೀಟರು ಸಾಗುತ್ತದೆ. ಚಾಲಕನು ಕಂಡು ಬ್ರೇಕು ತುಳಿಯುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 15 ಮೀಟರು ಆಯಿತು, ಬ್ರೇಕು ಹಿಡಿದ ಮೇಲೆ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 5 ಮೀಟರಿನಷ್ಟು ವೇಗ ಇಳಿಯುವುದೆಂದು ಹಿಡಿದರೆ ಇನ್ನೂ 10 ಮೀಟರು, ಒಟ್ಟು 25. ವೇಗ ಎರಡು ಪಟ್ಟಾದರೆ, ಅಂದರೆ 72 ಆದರೆ, ಮೊದಲನೆಯ ಭಾಗ 30 ಮೀಟರು, ಎರಡನೆಯದು ನಾಲ್ಕು ಪಟ್ಟಾಗಿ 40, ಒಟ್ಟು 70. ಅಂಗೈ ಚಾಚಿದ ಅಜ್ಜಿ ಮೂವತ್ತು ಮೀಟರಿನ ಆಚೆ ಕಂಡರೆ ಮೊದಲನೆಯ ಚಾಲಕ ಅವಳಿಗಿಂತ ಐದು ಮೀಟರು ಈಚೆಗೆ ನಿಂತಿರುತ್ತಾನೆ. ಎರಡನೆಯವನು ಅವಳನ್ನು ಮುಟ್ಟುವ ಗಳಿಗೆಗೆ ಬ್ರೇಕನ್ನು ಇನ್ನೂ ಒತ್ತಿರುವುದೇ ಇಲ್ಲ. ಜನವೂ ವಾಹನವೂ ಬೆರೆಯುವ ಬೀದಿಗಳಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿಯಿರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಕರೆಕೊಟ್ಟದ್ದಕ್ಕೆ ಇದೇ ಕಾರಣ. ಕೇಂದ್ರ ಸಾರಿಗೆ ಮಂತ್ರಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 32,825 ಮಂದಿ ನಡೆದುಹೋಗುತ್ತಿದ್ದವರು. ಕದರಮಂಡಲಗಿಯಂಥ ಊರಿಗೆ ಕಂಬದ ದೀಪ ಬಾರದಿದ್ದರೂ ದಾಟುವ ಜಾಗದಲ್ಲಿ ಕಾಲುಹಾದಿಯ ಮಟ್ಟಕ್ಕೆ ಎತ್ತರಿಸಿ ಬಿಳಿಯ ಪಟ್ಟಿ ಬಳಿದ ಅಗಲವಾದ ಉಬ್ಬು, ಅದಕ್ಕೆ ಮುಂಚೆ ಎಚ್ಚರಿಕೆಯ ಫಲಕ, ರಾತ್ರಿ ಕಾಣುವಂಥ ಬೆಳಕು, ಇವಿಷ್ಟು ಬಂದರೆ ಅಜ್ಜಿಯ ಅಂಗೈಗೆ ಆಜ್ಞೆಯ ಬಲ ಬರುತ್ತದೆ. ಊರವರು ತಾವೇ ಕಲ್ಲುಮಣ್ಣು ಹಾಕಿ ಮಾಡಿಕೊಳ್ಳುವ ಕಡಿದಾದ ಹಂಪುಗಳು ದ್ವಿಚಕ್ರದವರನ್ನು ಕೆಡಹುವುದರಿಂದ ಅವುಗಳನ್ನು ಒಳ್ಳೆಯ ಉಪಾಯವೆನ್ನಲಾಗದು; ಆದರೆ ಅವು ಹುಟ್ಟುವ ಕಾರಣವನ್ನು ಅರಿಯದೆ ಕಿತ್ತುಹಾಕುವುದೂ ಸರಿಯಲ್ಲ. ಬಹುಮಟ್ಟಿಗೆ ಅಂಥ ಒಂದೊಂದು ಹಂಪಿನ ಕೆಳಗೂ ಒಂದು ಸಾವಿನ ನೆನಪು ಇರುತ್ತದೆ.

ಕೊನೆಯದಾಗಿ, ದಾಟುವವರಲ್ಲದೆ ರಸ್ತೆಯ ಉದ್ದಕ್ಕೂ ನಡೆಯುವವರ ಮಾತೊಂದು ಉಳಿದಿದೆ. ಭರತ ಹುಣ್ಣಿಮೆಯ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೂ, ಮಹಾನವಮಿಗೆ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೂ ಕಾರಣಿಕವೆಂಬ ಭವಿಷ್ಯವಾಣಿಯನ್ನು ಕೇಳಲು ಈ ನಾಡಿನ ಜನ ಚಕ್ಕಡಿ ಕಟ್ಟಿಕೊಂಡೂ ಕಾಲ್ನಡಿಗೆಯಲ್ಲಿಯೂ ಹೊರಡುತ್ತಾರೆ. ಬಿಸಿಲಿಗೆ ಅಂಜಿ ಇರುಳನ್ನೇ ಆರಿಸಿಕೊಳ್ಳುತ್ತಾರೆ. ಅವರಿಗೆ ದಾಟುವ ದೀಪದಿಂದ ಪ್ರಯೋಜನವಿಲ್ಲ. ಕಾಲುಹಾದಿಯಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವಂತೆ ಬಲಬದಿಯ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯುವುದೂ, ಗುಂಪಿನ ಮುಂದೊಂದು ಹಿಂದೊಂದು ಬ್ಯಾಟರಿ ದೀಪವನ್ನು ಹಿಡಿಯುವುದೂ, ಚಕ್ಕಡಿಯ ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಅಂಟಿಸುವುದೂ ಅವರ ರಕ್ಷಣೆಯ ಸಾಧನಗಳು. ಆ ಪಟ್ಟಿ ಹಿಂದಿನಿಂದ ಬರುವ ಲಾರಿಯ ಬೆಳಕನ್ನೇ ಹಿಡಿದು ಹಿಂತಿರುಗಿಸಿ, ಮುಂದೆ ಎತ್ತುಗಳೂ ಮಲಗಿದ ಮಕ್ಕಳೂ ಇದ್ದಾರೆಂದು ಚಾಲಕನಿಗೆ ತಿಳಿಸುತ್ತದೆ.